ದೋಷ ಕಂಡುಬಂದಿಲ್ಲ

ಹೆದ್ದಾರಿ ನಮ್ಮ ಅಕ್ರೋಟದ ಹಿತ್ತಿಲನ್ನು ತಿಂದು
ತೇಗಿದಾಗ ಹೊರಬಿದ್ದದ್ದು ಪರಿಹಾರದ ಹಣ.
ಆ ಹಣದಲ್ಲೇ ಕೊಂಡೆವು ಆ ಹೆದ್ದಾರಿಗೊಪ್ಪುವ ಗಾಡಿ,
ಬಿಳಿಯದು, ಎತ್ತರದ್ದು, ಹತ್ತಲು ನನಗೊಂದು ಸ್ಟೂಲು ಬೇಕು.

ಖಶೂರಿಯ ನಮ್ಮ ಬೀದಿಯೆಲ್ಲ ಬಂದು ನೋಡಿತು.
ಮುರ್ಮಾನನ ತಮ್ಮ ಬಾನೆಟ್ಟಿಗೆ ವೈನು ಚಿಮುಕಿಸಿದ,
ಕಲೆಯಾದೀತೆಂದು ನಾನು ಏಪ್ರನ್ನಿನಿಂದ ಒರೆಸಿದೆ.

ಮೊದಲ ವಾರವೇ
ಪರದೆ ಒಮ್ಮೊಮ್ಮೆ ಚೀನೀ ಭಾಷೆಯಲ್ಲಿ ಕಣ್ಣುಬಿಡತೊಡಗಿತು.
ಹಿಂಬಾಗಿಲು ಪೇಟೆಯ ನಡುವೆ ತಾನಾಗಿ ಮೇಲೆದ್ದು
ನಮ್ಮ ಆಲೂಗಡ್ಡೆಯನ್ನು ಊರಿಗೆಲ್ಲ ತೋರಿಸಿತು.
ಟೈರಿನಲ್ಲಿ ಗಾಳಿಯಿದ್ದರೂ ಇಲ್ಲವೆಂದು ಹಳದಿ ದೀಪದ ಹಠ.
ಇರಲಿ,
ಹೊಸ ಸೊಸೆಗೂ ಮನೆ ತಿಳಿಯಲು ನಾಲ್ಕು ದಿನ ಬೇಕಲ್ಲ.

ಆದರೆ ಆ ಟಕ್.
ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆಲ್ಲೋ,
ಎಪ್ಪತ್ತು ದಾಟಿ ಎಡಕ್ಕೆ ಹೊರಳಿದಾಗ ಮಾತ್ರ,
ಯಾರೋ ಉಗುರಿನಿಂದ ಒಮ್ಮೆ ಬಡಿದು ಸುಮ್ಮನಾದಂತೆ.

ನನ್ನ ಗಂಡ ಕಿವಿಯಲ್ಲಿ ದುಡಿದು ತಿಂದವನು.
ಮೂವತ್ತೆಂಟು ವರ್ಷ ಉದ್ದ ಹಿಡಿಯ ಸುತ್ತಿಗೆ ಹಿಡಿದು
ನಿಂತ ರೈಲಿನ ಗಾಲಿ ಗಾಲಿಗೂ ಬಡಿಯುತ್ತ ನಡೆದವನು.
ಸರಿಯಿದ್ದ ಗಾಲಿ ಹಾಡುತ್ತದೆ, ಬಿರುಕಿದ್ದದ್ದು ಕೆಮ್ಮುತ್ತದೆ.
ಒಂದು ಡಿಸೆಂಬರಿನ ರಾತ್ರಿ, ಮೊಣಕಾಲೆತ್ತರ ಹಿಮದಲ್ಲಿ,
ಬತುಮಿಯ ಗಾಡಿ ನಿಲ್ಲಿಸಿ ಒಂಬತ್ತನೇ ಬೋಗಿ ಕಳಚಿಸಿದ.
ಸ್ಟೇಷನ್ ಮಾಸ್ತರ ಬೈದ. ಬೆಳಕು ಹರಿದಾಗ
ಗಾಲಿಯ ಅಂಚಿನಲ್ಲಿ ಕೂದಲೆಳೆಯ ಬಿರುಕು.
ಈ ಕಥೆ ನಮ್ಮ ಮನೆಯಲ್ಲಿ ಉಪ್ಪಿನಷ್ಟು ಖರ್ಚಾಗುತ್ತದೆ.

ತಿಬಿಲಿಸಿಯ ಶೋರೂಮಿಗೆ ಎರಡು ಸಲ ಹೋದೆವು.
ಗಾಜಿನ ಮೇಜು, ಬಿಟ್ಟಿ ಕಾಫಿ, ತೋರ್ನಿಕೆ ಎಂಬ ಹುಡುಗ.
ಹಳದಿ ಗೆರೆ ದಾಟಿದ್ದೇ ತಡ ನಮ್ಮ ಗಾಡಿ
ಇನ್ಸ್‌ಪೆಕ್ಟರ್ ಬಂದ ದಿನದ ತರಗತಿಯಂತೆ,
ಉಸಿರಿಲ್ಲ.
ಎರಡು ಸಲವೂ ಅದೇ ಕಾಗದ, ಅದೇ ನೀಲಿ ಸೀಲು:
ದೋಷ ಕಂಡುಬಂದಿಲ್ಲ.
“ಕೆಲವರಿಗೆ, ವಯಸ್ಸಾದ ಮೇಲೆ…” ಎಂದು ಶುರುಮಾಡಿದ ಹುಡುಗ
ಕಿವಿಯತ್ತ ಎತ್ತಿದ ಬೆರಳನ್ನು ಅರ್ಧಕ್ಕೇ ಇಳಿಸಿದ.

ಅಂದು ರಾತ್ರಿ ಅಡುಗೆಮನೆಯಲ್ಲಿ ಚಮಚದ ಸದ್ದು.
ಬಾಣಲೆ, ಬಕೆಟ್ಟು, ಮಣ್ಣಿನ ಹೂಜಿ,
ನನ್ನ ಹಲ್ಲಿನ ಸೆಟ್ಟು ಮುಳುಗಿಸಿಟ್ಟ ಲೋಟ,
ಒಂದೊಂದಕ್ಕೂ ಬಡಿದು, ತಲೆ ವಾಲಿಸಿ, ನಿಂತಿದ್ದ.
ನಾನು ಗೋಡೆಯ ಕಡೆ ಹೊರಳಿ ಮಲಗಿದೆ.

ಮೂರನೆಯ ಸಲ ಸಿಕ್ಕವನು ನುಗ್ಜಾರ್, ಮೆಕ್ಯಾನಿಕ್ಕು,
ಶುಕ್ರವಾರ, ಜೆಸ್ತಫೋನಿಯ ಮನೆಗೆ ಹೊರಟಿದ್ದವನು.
ಬಸ್ಸಿನ ದುಡ್ಡು ಉಳಿಯಿತೆಂದು ನಮ್ಮೊಡನೆ ಹತ್ತಿದ.
ಸುರಾಮಿಯಲ್ಲಿ ಬಿಸಿ ನಜೂಕಿ ಕೊಂಡೆವು,
ಒಣದ್ರಾಕ್ಷಿ, ದಾಲ್ಚಿನ್ನಿ, ಗಾಡಿ ತುಂಬ ತಂದೂರಿನ ಘಮ.
ಊರು ದಾಟಿ ಎಡತಿರುವು.
ಟಕ್.
ಅಗಿಯುತ್ತಿದ್ದ ಎರಡು ದವಡೆ ಒಟ್ಟಿಗೇ ನಿಂತವು.

ರಸ್ತೆಬದಿಯಲ್ಲೇ ಬಿಚ್ಚಿದ, ಮೊಬೈಲಿನ ದೀಪದಲ್ಲಿ.
ಜೋಳದ ಕಾಳಿನಷ್ಟು ಒಂದು ಕ್ಲಿಪ್ಪು;
ಕೂರಿಸಬೇಕಾದಲ್ಲಿ ಕಾರ್ಖಾನೆಯವರು ಕೂರಿಸಿಯೇ ಇಲ್ಲ.
ತರಿಸಬೇಕು, ಮೂರು ವಾರ, ಅಲ್ಲಿಯವರೆಗೆ ಸಂದಿಗೆ
ಏನಾದರೂ ತುರುಕಬೇಕು, ಗಟ್ಟಿ ಕಾಗದವಾದರೆ ಒಳ್ಳೆಯದು ಎಂದ.
ಮುರ್ಮಾನ್ ಜೇಬಿನಿಂದ ತೋರ್ನಿಕೆಯ ಕಾಗದ ತೆಗೆದು
ನಾಲ್ಕು ಮಡಿಕೆ ಮಾಡಿ, ಸೀಲು ಹೊರಗೆ ಕಾಣುವಂತೆ,
ಕೊಟ್ಟ.
ಆಮೇಲೆ ನುಗ್ಜಾರನ ಎಣ್ಣೆ ಮೆತ್ತಿದ ಕೆನ್ನೆಗೊಂದು ಮುತ್ತು.

ಈಗ ಹೇಳುತ್ತೇನೆ.
ಆ ಟಕ್ ನನಗೆ ಕೇಳಿಸಿತ್ತು, ಮೊದಲ ದಿನವೇ,
ಅವನಿಗಿಂತ ಒಂದು ತಿರುವು ಮುಂಚೆ.
ಬಾಯಿಬಿಟ್ಟಿದ್ದರೆ, ಕಂಡುಹಿಡಿದವಳು ನಾನಾಗುತ್ತಿದ್ದೆ.

ನುಗ್ಜಾರನನ್ನು ಇಳಿಸಿ ವಾಪಸು ಬರುವಾಗ ಕತ್ತಲೆ.
ಸುರಂಗದ ಮೇಲೊಂದು ಸುರಂಗ, ಗಾಡಿ ನುಣ್ಣಗೆ, ಮೌನ.
ಮುರ್ಮಾನ್ ರೇಡಿಯೋ ಆರಿಸಿದ.
ಕುತ್ತಿಗೆ ಮೆಲ್ಲಗೆ ಬಲಕ್ಕೆ ವಾಲಿತು,
ತುಟಿಯಂಚಿನಲ್ಲಿ ಹಿಮದ ರಾತ್ರಿಯ ಅದೇ ನಗು.
“ತ್ಸಿಯಾಲಾ, ಹಿಂದಿನ ಬಲಗಾಲಿಯ ಹತ್ತಿರ,
ಬಹಳ ಸಣ್ಣಗೆ…”

“ರೊಟ್ಟಿ ಆರುತ್ತಿದೆ,” ಎಂದೆ, “ತಿನ್ನು.”