ಹಾಲಮ್ಮನ ಕಿಂಡಿ

ತರೀಕೆರೆಯ ದನದ ಡಾಕ್ಟರು ಇಪ್ಪತ್ತೊಂಬತ್ತು ಸಾವಿರಕ್ಕೆ ಕೊಟ್ಟರು.
ಮಾರುತಿ ಎಂಟುನೂರು, ತೊಂಬತ್ತೆಂಟರ ಮಾಡೆಲ್ಲು,
ಓಡಿದ್ದು ಒಂದು ಲಕ್ಷದ ಎಂಬತ್ತೇಳು ಸಾವಿರ ಕಿಲೋಮೀಟರು.
ಆಮೇಲೆ ಮೀಟರು ನಿಂತಿತಂತೆ, ಕಾರು ನಿಲ್ಲಲಿಲ್ಲ.
"ಹಸುವಾಗಿದ್ದರೆ ಹಲ್ಲು ನೋಡಿ ನಿಜ ಹೇಳುತ್ತಿದ್ದೆ,
ಇದರ ಬಾಯಿ ನೀವೇ ಬಿಡಿಸಿ" ಎಂದರು.
ಬಿಡಿಸಿದೆ. ಬಾನೆಟ್ಟಿನೊಳಗೆ
ಅಯೋಡಿನ್ ವಾಸನೆ, ಒಂದು ಅಳಿಲಿನ ಗೂಡು.

ಭದ್ರಾವತಿ, ಹೊಸಮನೆ, ಮೂರನೇ ತಿರುವು.
ನಮ್ಮ ಅಂಗಳಕ್ಕಿಂತ ಕಾರು ಎರಡು ಗೇಣು ಉದ್ದ,
ಮೂತಿ ಒಳಗೆ, ಬಾಲ ರಸ್ತೆಯಲ್ಲಿ.
ಚೌಡಪ್ಪ, ನನ್ನ ಗಂಡ, ಸರ್ಕಾರಿ ಬಸ್ಸಿನ ಡ್ರೈವರು,
ಒಂದು ಸುತ್ತು ಬಂದು ಟೈರಿಗೆ ಒದ್ದು
"ಮನೆಯಲ್ಲೂ ನಾನು ಇದನ್ನೇ ನೋಡಬೇಕಾ?" ಎಂದು
ಮುಸುಕೆಳೆದು ಮಲಗಿದ.

ಸರಿ.
ಗ್ರೈಂಡರಿನ ಬೆಲ್ಟು ಹನ್ನೊಂದು ವರ್ಷದಿಂದ ನಾನೇ ಹಾಕಿದ್ದು.
ದಿನಾ ನಲವತ್ತು ಸೇರು ರುಬ್ಬುವವಳಿಗೆ
ಯಾವ ಬೇರಿಂಗು ಅಳುತ್ತಿದೆ, ಯಾವುದು ಸುಮ್ಮನೆ ಗೊಣಗುತ್ತಿದೆ,
ಕಿವಿಗೇ ಗೊತ್ತು.
ಕಳೆದ ತಿಂಗಳು ಹಳೇನಗರದ ಸೇತುವೆ ಮೇಲೆ ಸ್ಕೂಟರು ಜಾರಿ
ಅರವತ್ತು ಪ್ಯಾಕೆಟ್ಟು ದೋಸೆಹಿಟ್ಟು ಚೆಲ್ಲಿದ್ದೇನೆ.
ಇನ್ನು ನಾಲ್ಕು ಚಕ್ರ ಬೇಕು, ಅಷ್ಟೇ.

ಟಾರ್ಚು ಹಿಡಿಯಲು ಉಳಿದವರು ಒಬ್ಬರೇ,
ನನ್ನತ್ತೆ ಹಾಲಮ್ಮ.
ಕೆನ್ನೆಯಲ್ಲಿ ಎಲೆಅಡಿಕೆ, ಕೈಯಲ್ಲಿ ಬೆಳಕು,
ಬೆಳಕು ಯಾವಾಗಲೂ ಬೇಕಾದಲ್ಲಿಂದ ಒಂದು ಮೊಳ ಆಚೆ.
ಪಕ್ಕದ ಮನೆಯ ಬೆಕ್ಕು, ಕಂಬದ ವೈರು, ದಾರಿಹೋಕರ ಮುಖ,
ಎಲ್ಲಕ್ಕೂ ಬಿತ್ತು, ಪ್ಲಗ್ಗೊಂದನ್ನು ಬಿಟ್ಟು.
ತಡವಿ ತಡವಿ ಮಸಿ ಕೆರೆದೆ.
ಕಾರ್ಬುರೇಟರಿನ ಮೂಗಿಗೆ ಸೈಕಲ್ ಪಂಪು ಹೊಡೆದೆ.
ರೇಡಿಯೇಟರು ಹನಿಯುವುದಕ್ಕೆ ಅರಿಶಿನ ಹಾಕು ಅಂದವರು ಅತ್ತೆಯೇ.
"ಗಾಯಕ್ಕೆ ಮತ್ತೇನು ಹಾಕ್ತಾರೆ?"
ನಗಬೇಕೆಂದಿದ್ದೆ.
ಮೂರು ಚಮಚಕ್ಕೆ ನಿಂತಿತು.

ಬ್ರೇಕು ಮಾತ್ರ ಇಬ್ಬರ ಕೆಲಸ.
ಪೈಪಿಗೆ ಗಾಳಿ ಸೇರಿದೆ, ಬಿಡಿಸಬೇಕು.
ಒಬ್ಬರು ಕೂತು ಪೆಡಲು ತುಳಿಯಬೇಕು,
ಇನ್ನೊಬ್ಬರು ಕೆಳಗೆ ಮಲಗಿ ತಿರುಪು ಸಡಿಲಿಸಬೇಕು.
ಅತ್ತೆ ಸೆರಗು ಸಿಕ್ಕಿಸಿ, ಸ್ಟೀರಿಂಗಿಗೆ ಕೈಮುಗಿದು,
ಡ್ರೈವರನ್ನು ಹೆತ್ತೂ ಎಂದೂ ಕೂರದ ಸೀಟಲ್ಲಿ ಕೂತರು.
"ತುಳೀರಿ ಅತ್ತೆ."
ತುಳಿದರು.
"ಹಾಗೇ ಹಿಡ್ಕೊಳ್ಳಿ."
ಹಿಡಿದರು.
"ಈಗ ಬಿಡಿ."
ಬಿಟ್ಟರು.
ಹದಿನಾಲ್ಕು ವರ್ಷದಲ್ಲಿ ಮೊದಲ ಸಲ
ನಾನು ಹೇಳಿದ್ದನ್ನು, ಹೇಳಿದ ಹಾಗೆ,
ಮೂವತ್ತೆರಡು ಸಲ.
ಬಾಟಲಿಯಲ್ಲಿ ಗುಳುಗುಳು ಗುಳ್ಳೆ.
ಯಾವ ಕಾಲದ ಗಾಳಿಯೋ, ಬರುತ್ತಲೇ ಇತ್ತು.
ಕೊನೆಗೆ ಪೆಡಲು ಗಟ್ಟಿಯಾಯಿತು.
"ಒಳಗಿಂದ ಯಾರೋ ತಿರುಗಿ ಒದ್ದ ಹಾಗಾಯ್ತು" ಅಂದರು,
ಬಸುರಿಯ ಹೊಟ್ಟೆ ಮುಟ್ಟಿದವರ ದನಿಯಲ್ಲಿ.

ಮಾರನೆಯ ದಿನ ಮ್ಯಾಟು ಎತ್ತಿದರೆ
ಪಕ್ಕದ ಸೀಟಿನ ಕಾಲಡಿಗೆ ನೆಲವೇ ಇಲ್ಲ.
ತುಕ್ಕು ತಿಂದ ಅಂಗೈಯಗಲ ಕಿಂಡಿ,
ಅದರೊಳಗೆ ಹೊಸಮನೆಯ ಮಣ್ಣು, ಒಂದು ಇರುವೆ ಸಾಲು.
ಎಣ್ಣೆ ಡಬ್ಬದ ತಗಡು ಕತ್ತರಿಸಿ ತಂದೆ.
ಅತ್ತೆ ಆಗಲೇ ಅಲ್ಲಿ ಕೂತಿದ್ದರು.
ಬಾಗಿ ನೋಡಿದರು. ಗುರಿಯಿಟ್ಟರು.
ಪಿಚಕ್ಕೆಂದು ಉಗಿದರು.
ಅಂಚಿಗೆ ಒಂದು ಹನಿಯೂ ತಾಗಲಿಲ್ಲ.
"ಇದನ್ನ ಮುಚ್ಚಬೇಡ.
ಎಲ್ಲರ ಮನೆ ದೋಸೇನೂ ತೂತೇ ಕಣೇ."

ಮುಚ್ಚಲಿಲ್ಲ. ಮುಚ್ಚಳ ಮಾಡಿದೆ,
ಹಳೇ ಪೆಟ್ಟಿಗೆಯ ಕೀಲು ಹಚ್ಚಿ.
ಕಾಲಬೆರಳಲ್ಲೇ ಎತ್ತಬಹುದು.

ಕೀಲಿ ತಿರುಗಿಸಿದ್ದು ಬೆಳಗಿನ ಐದೂವರೆಗೆ.
ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಹಿಡಿಯಿತು.
ಚೌಡಪ್ಪ ಕಿಟಕಿಯಿಂದಲೇ "ಟ್ಯಾಪೆಟ್ ಸದ್ದು" ಅಂದ,
ಮತ್ತೆ ಮಲಗಿದ.
ಹಿಂದೆ ಎಂಬತ್ತು ಪ್ಯಾಕೆಟ್ಟು ಹಿಟ್ಟು,
ಮುಂದೆ ನಾನು, ಹಾಲಮ್ಮ.

ಸೇತುವೆ ಮೇಲೆ, ನಾನು ಬಿದ್ದ ಜಾಗ ಬಂದಾಗ
ಅತ್ತೆ ಹೆಬ್ಬೆರಳಿಂದ ಮುಚ್ಚಳ ಎತ್ತಿದರು.
ಕೆಳಗೆ ಡಾಂಬರು ಓಡುತ್ತಿತ್ತು.
"ನಿಧಾನ" ಅಂದರು, ಕಿಂಡಿಯಿಂದ ಕಣ್ಣೆತ್ತದೆ,
"ನಿನ್ನ ಹಿಟ್ಟು ಇನ್ನೂ ಅಂಟಿಕೊಂಡಿದೆ ಇಲ್ಲಿ."
ಬ್ರೇಕು ಒತ್ತಿದೆ.
ಹಿಡಿಯಿತು.