ಆಲ್ಟೊ ಸಾಲು

ನಂದು ಆಲ್ಟೊ. ಎರಡನೇ ಸಾಲು, ಕಿಟಕಿ ಬಾಜು.
ಹನ್ನೊಂದು ಖಾನೆ ತನಕ ಒಂದೇ ಸ್ವರ,
ಅದೇ ಮಧ್ಯಮ,
ಅಂಗಿ ತೂಗಹಾಕೋ ಮೊಳೆ ಹಂಗ.

ಸೊಲೊಮನ್ ಮಾಸ್ತರ್ ಕಟ್ಟ್ಯಾರ ಇದನ್ನ,
ಏಳನೇ ಕ್ಲಾಸಿನ ಗಣಿತದ ವಹಿ, ಹಿಂದಿನ ಹಾಳಿಗಳಾಗ.
ಕೀರ್ತನಿ ಅಲ್ಲ, ಭಜನಿ ಅಲ್ಲ.
ಪದ ಎಲ್ಲಿವ್ರಿ ಅಂತ ಕೇಳಿದ್ರ
'ಬೀದರ ಬಸ್‌ಸ್ಟ್ಯಾಂಡಿನಾಗ ಬಿದ್ದಾವ' ಅಂದ್ರು:
ಭಾಲ್ಕಿ, ಚಿಟಗುಪ್ಪ, ಔರಾದ, ಹುಮನಾಬಾದ.
ಅಷ್ಟೇ. ನಾಕು ಊರು, ನಾಕು ದನಿ.
ಚಿಟಗುಪ್ಪ ನಂದು; 'ಪ್ಪ' ಮ್ಯಾಲ ನಿಂತುಬಿಡೋದು.

ತಾಳ ಏಳು. ಮೂರು ವಾರ ಯಾರಿಗೂ ಕೂಡ್ಲಿಲ್ಲ.
ಆಮ್ಯಾಲ ಮಾಸ್ತರ್ ಪೆನ್ಸಿಲ್ ಕೆಳಗಿಟ್ಟು ಹೇಳಿದ್ರು:
'ಜನವಾಡದ ರೋಡ್ ನೆನಸ್ರಿ.
ಒಂದು ದೊಡ್ಡ ಕುಣಿ, ಎರಡು ಸಣ್ಣ ಕುಣಿ.
ಕುಣಿ ಬಂತಂದ್ರ ಕುಣೀರಿ.'
ಅವತ್ತಿನಿಂದ ಬೆಂಚೂ ತಾಳ ತಪ್ಪಿಲ್ಲ.

ಸೊಪ್ರಾನೊ ಅಂದ್ರ ನರ್ಸಿಂಗ್ ಹುಡುಗ್ಯಾರು.
ಭಾಲ್ಕಿಯ 'ಕಿ' ಸಿಕ್ತಂದ್ರ ಸಾಕು,
ಪತಂಗಕ್ಕ ಮಾಂಜಾ ಬಿಟ್ಟಂಗ ಬಿಡ್ತಾರ.
ಟೆನರ್ ಮೂರೇ ಮಂದಿ; ಒಬ್ಬಾಂವ ಬ್ಯಾಟರಿ ಅಂಗಡಿ ಖದೀರ,
ಉಳಿದಿಬ್ರು ಅವನ ಬಾಯಿ ನೋಡಿ ಹಾಡೋರು.
ಬಾಸ್ ಘಾಳೆಪ್ಪ. ಖರೇ ಕಂಡಕ್ಟರ್, ಇಪ್ಪತ್ತಾರು ವರ್ಷ.
ಹುಮನಾಬಾದ ಅಂದ ಕೂಡಲೇ
ಬಾಯಿಂದ ತಾನೇ ಬೀಳ್ತದ: 'ರೈಟ್, ರೈಟ್'.
ಎಲ್ಲಾರೂ ನಕ್ವಿ. ಮಾಸ್ತರ್ ನಗಲಿಲ್ಲ,
ಎರಡು ಸ್ವರ ಕೊಟ್ಟು ಬರಕೊಂಡ್ರು.

ನಿನ್ನೆ ಸಂಜಿ, ಒಂಬತ್ತನೇ ಖಾನೆಯಾಗ,
ಏರ್‌ಫೋರ್ಸಿನ ವಿಮಾನ ನಮ್ಮ ತಗಡಿನ ಮ್ಯಾಲೇ ಹೋಯ್ತು.
ದಿನಾ ನಿಲ್ಲಸ್ತೀವಿ. ನಿನ್ನೆ ಮಾಸ್ತರ್ ಕೈ ಇಳಸಲಿಲ್ಲ.
ಯಾರ ದನಿಯೂ ಇಲ್ಲ, ಬಾಯಿ ಅಷ್ಟೇ ಕಾಣತಾವ.
ನನ್ನ ಮಧ್ಯಮ ಪಕ್ಕೆಲುಬಿನಾಗ
ತಂಬಿಗಿಯೊಳಗಿನ ತುಂಬಿ ಹಂಗ.
ಬಿಡಲಿಲ್ಲ ನಾನು.

ಸದ್ದು ದಾಟಿದ ಮ್ಯಾಲ ಒಬ್ಬೊಬ್ಬರೇ ಬಂದ್ರು,
ಮೊದಲು ಹುಮನಾಬಾದ, ಆಮ್ಯಾಲ ಭಾಲ್ಕಿ.
ಖದೀರ ಅರ್ಧ ಸ್ವರ ಏರಿ ಕುಂತಿದ್ದ,
ನನ್ನ ಕಡೆ ನೋಡಿ ಇಳದ.
ಹನ್ನೊಂದನೇ ಖಾನೆಗೆ ಎಲ್ಲಾರ ಅಂಗಿಯೂ ಮೊಳೆ ಮ್ಯಾಲ.
ಎಸ್ತೇರಬಾಯಿ, ಎಪ್ಪತ್ತು ದಾಟಿದಾಕಿ,
ಚಪ್ಪಲಿ ಬಿಟ್ಟು ಕುಣದಳು.

ಇವತ್ತು ಮುಂಜಾನಿ ಏಳರ ಬಸ್ಸು.
ಘಾಳೆಪ್ಪ ಬಾಗಿಲಾಗ ನಿಂತು ಕೂಗಿದ,
ಹುಮನಾಬಾದ, ಹುಮನಾಬಾದ,
ಮೂರು, ಎರಡು, ಎರಡು.
ನಂಗ ಗೊತ್ತಿಲ್ಲದಂಗ ಸೀಟಿನಾಗಿಂದ ಮಧ್ಯಮ ಹಿಡದೆ.
ಮುಂದಿನ ಸೀಟಿನ ಕೂಸು ತಿರುಗಿ ನೋಡ್ತು.
ಸೊನ್ನೆ ರೂಪಾಯಿ ಟಿಕೇಟು ಹರಿದು ಕೊಡಕೋತ ಅಂವ ಅಂದ:
'ಹನ್ನೆರಡನೇ ಖಾನೆ ಬಂತ್ರಿ ಬಾಯಾರ,
ಇಳೀರಿ ಇನ್ನ.'