ಕೋರಂ

ಕುರ್ಚಿ ಅರುವತ್ತು ಬೇಕೆಂದಿದ್ದರು,
ನಾನು ನಲುವತ್ತು ಇಳಿಸಿದೆ.
ಹದಿನಾಲ್ಕು ವರ್ಷದಿಂದ ಇದೇ ಕಸುಬು ಮಾರಾಯ್ರೆ,
ಬೋಳಾರದ ಮದುವೆ, ಜೆಪ್ಪುವಿನ ಬೊಜ್ಜ,
ಯಾವ ಸಭೆಗೆ ಎಷ್ಟು ಬೆನ್ನು ಒರಗುತ್ತದೆ ಎಂದು
ಟೆಂಪೋಕ್ಕೆ ಹಾಕುವಾಗಲೇ ಕೈಗೆ ಗೊತ್ತಾಗುತ್ತದೆ.

ವಾರ್ಡು ಸಮಿತಿ ಸಭೆ. ಸಂಜೆ ನಾಲ್ಕಕ್ಕೆ. ಶಾಲೆಯ ಜಗಲಿಯಲ್ಲಿ.
ನಾಲ್ಕೂವರೆಗೆ ಬಂದಿದ್ದವರು:
ಛತ್ರಿ, ಚೀಲ, ನಾಲ್ಕು ಮಡಿಕೆಯ ಅರ್ಜಿ ಹಿಡಿದು ಐರಿನ್ ಟೀಚರು
(ರಿಟೈರಾದರೂ ಹಾಜರಿ ಕರೆಯುವ ಕಣ್ಣು),
ಮೀನಿನ ಸೈಕಲ್ಲನ್ನು ಗೇಟಿಗೆ ಒರಗಿಸಿ ಇದ್ದಿನಬ್ಬಾಕ,
ಗುತ್ತಿಗೆದಾರರ ಕಡೆಯ ಇಬ್ಬರು, ಇಸ್ತ್ರಿ ಅಂಗಿ,
ಫೋನು ಕಿವಿಗಿಟ್ಟ ಕಾರ್ಪೊರೇಟರು.
ಮತ್ತೊಂದು ನಾಯಿ. ಅದು ಪ್ರತಿ ತಿಂಗಳೂ ಬರುತ್ತದೆ.

ರಸ್ತೆಯಾಚೆ ಹೋಟೆಲಿನಲ್ಲಿ
ಹದಿನೆಂಟು ಜನ ಗೋಳಿಬಜೆ ತಿನ್ನುತ್ತ
ದೆಹಲಿಯನ್ನು ಚಟ್ನಿಯಲ್ಲಿ ಅದ್ದುತ್ತಿದ್ದರು.
‘ಎಲ್ಲ ಕಳ್ಳರೇ’ ಎಂದು ತೀರ್ಪಾಗುವಾಗ ಪ್ಲೇಟು ಖಾಲಿ.
‘ಬನ್ನಿ’ ಎಂದು ಟೀಚರು ಕೈ ಬೀಸಿದರು.
ಅವರೂ ಬೀಸಿದರು,
ಬಸ್ಸಿನಲ್ಲಿ ಹೊರಟವರಿಗೆ ಬೀಸುವ ಹಾಗೆ.

ಕಾರ್ಯದರ್ಶಿ ಪೆನ್ನಿನಿಂದ ತಲೆ ಎಣಿಸಿದರು.
ಎಂಟು ಸಹಿ ಆಗದೆ ಇದು ಸಭೆ ಅಲ್ಲವಂತೆ.
ಅಡುಗೆಯ ಸುಮತಿಯಕ್ಕ ಒದ್ದೆ ಕೈ ಒರೆಸಿ ಬರೆದರು,
ಟೆಂಪೋದ ಹುಡುಗ ಗೀಚಿದ.
‘ದೇಜಪ್ಪ, ನೀನೂ ಇದೇ ವಾರ್ಡಿನವ ಅಲ್ವಾ?’
ಹೌದಲ್ಲ.
ನನಗದು ಆ ತನಕ ಹೊಳೆದಿರಲಿಲ್ಲ.

ವೋಟು ಹಾಕದವನಲ್ಲ ನಾನು.
ಶಾಯಿಯ ಬೆರಳೆತ್ತಿ ಫೋಟೊ ತೆಗೆದದ್ದುಂಟು.
ಶಾಯಿ ಮಾಸಿದ ಮೇಲೆ ಆ ಬೆರಳು ಎಂತ ಮಾಡಬೇಕೆಂದು
ಯಾರೂ ಹೇಳಲಿಲ್ಲ,
ನಾನೂ ಕೇಳಲಿಲ್ಲ.

ಸಹಿ ಹಾಕಿದೆ. ಎಂಟಾಯಿತು. ಸಭೆಯಾಯಿತು.

ನಿರ್ಣಯ ಒಂದು, ಎರಡು, ಮೂರು,
ಮಗ್ಗಿ ಒಪ್ಪಿಸುವ ಹಾಗೆ ಓದಿದರು.
ಆರು ಗಂಟೆಗೆ ಉರ್ವದಲ್ಲಿ ನಿಶ್ಚಿತಾರ್ಥ, ನೂರೈವತ್ತು ಕುರ್ಚಿ;
ನಾನು ಹಿಂದಿನ ಸಾಲಿನಿಂದ ಮಡಚಲು ಶುರುಮಾಡಿದೆ.
ಕಬ್ಬಿಣದ ಕುರ್ಚಿ, ಸದ್ದು ಮಾಡದೆ ಮಡಚುವುದಿಲ್ಲ.
ಟೀಚರು ಎದ್ದು ನಿಂತು ಏನೋ ಹೇಳುತ್ತಿದ್ದರು,
ಅರ್ಜಿ ಬಿಚ್ಚಿದ್ದು ಕಂಡಿತು,
‘ವಿರೋಧ’ ಎಂಬಷ್ಟು ಕೇಳಿತು.
ಉಳಿದದ್ದು ಟಕ್, ಟಕ್, ಟಕ್.
ಬರೆಯುವವರಿಗೂ ಅಷ್ಟೇ ಕೇಳಿರಬೇಕು,
ಅಥವಾ ಅಷ್ಟೂ ಕೇಳಿರಲಿಕ್ಕಿಲ್ಲ.

ಮೇ ತಿಂಗಳು. ತುಂಬೆಯ ನೀರು ಎರಡು ದಿನಕ್ಕೊಮ್ಮೆ,
ನಳ್ಳಿ ಬರೀ ಉಸಿರು ಬಿಡುತ್ತಿತ್ತು.
ಕೊಡಪಾನ ಹಿಡಿದು ನಮ್ಮ ಓಣಿಯ ಬಾವಿಗೆ ಹೋದರೆ
ಬಾವಿ ಇಲ್ಲ.
ಕೆಂಪು ಮಣ್ಣು, ಅದರ ಮೇಲೆ ಜಲ್ಲಿ,
ಜಲ್ಲಿಯ ಮೇಲೆ ಬಿಳಿ ಗೆರೆ: ಕಾರು ನಿಲ್ಲಲು.
ರಾಟೆಯನ್ನು ಯಾರೋ ಗುಜರಿಗೆ ಹಾಕಿದ್ದರು.

ಬೊಬ್ಬೆ ಹಾಕುತ್ತಲೇ ಪಾಲಿಕೆಯ ಮೆಟ್ಟಿಲು ಹತ್ತಿದೆ.
ಕೇಳುವವರಿಲ್ಲವಾ ಈ ಊರಿನಲ್ಲಿ?
ಗುಮಾಸ್ತರು ಸಿಟ್ಟಾಗಲಿಲ್ಲ.
ನೀಲಿ ರಟ್ಟಿನ ಪುಸ್ತಕ ತಿರುಗಿಸಿ ನನ್ನೆದುರಿಟ್ಟರು.
ನಿರ್ಣಯ ಮೂರು: ಉಪಯೋಗದಲ್ಲಿಲ್ಲದ ಬಾವಿ ಮುಚ್ಚುವ ಬಗ್ಗೆ.
ಸರ್ವಾನುಮತ.
ಎಂಟನೆಯ ಸಾಲಿನಲ್ಲಿ ಓರೆಯಾಗಿ, ಅವಸರದಲ್ಲಿ,
ದೇ, ಜ, ಪ್ಪ.
ನನ್ನ ಮಗಳು ಕಲಿಸಿದ ಸಹಿ. ಚಂದವೇ ಉಂಟು.

ಮೆಟ್ಟಿಲು ಇಳಿಯುವಾಗ ಬೊಬ್ಬೆ ಬರಲಿಲ್ಲ.
ಯಾರ ಮೇಲೆ ಹಾಕುವುದು?

ಈ ತಿಂಗಳೂ ಸಭೆ. ನಲುವತ್ತು ಇಳಿಸಿದೆ.
ಟೀಚರು ಬಂದಿದ್ದಾರೆ, ಹೊಸ ಅರ್ಜಿ, ಹಳೇ ಛತ್ರಿ.
ಎದುರು ಹೋಟೆಲಿನಲ್ಲಿ ಬಜೆಯ ಎಣ್ಣೆ ಕಾದಿದೆ.
‘ಮತ್ತೆ ಬಾ, ಸಹಿ ಬೇಕಾದರೆ ಕರೆಯುತ್ತೇನೆ’ ಎಂದರು ಕಾರ್ಯದರ್ಶಿ.
ನಾನು ಹೋಗಲಿಲ್ಲ.
ಮೂರನೆಯ ಸಾಲಿನ ಕುರ್ಚಿಯೊಂದನ್ನು ಎಳೆದು ಕೂತೆ.

ಕೂತಾಗ ಗೊತ್ತಾಯಿತು, ಅದರ ಒಂದು ಕಾಲು ಗಿಡ್ಡ.
ಹದಿನಾಲ್ಕು ವರ್ಷದಿಂದ ಇದನ್ನೇ ಬಾಡಿಗೆಗೆ ಕೊಟ್ಟಿದ್ದೇನೆ,
ಒಬ್ಬರೂ ಹೇಳಿರಲಿಲ್ಲ.